ನೀರಿಗೆ ಪ್ರಾಯವೋ, ವಯಸ್ಸೋ, ತಂಗಳೋ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮೂರಿನ ನಳ್ಳಿ ನೀರಿನ ಯೋಜನೆಗೆ ಒಂದು ಮಲಯಾಳ ಕೈಪಿಡಿ ಇದೆ. ಅದನ್ನು ಕನ್ನಡಕ್ಕೆ ತರುತ್ತಾ ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ಟ್ಯಾಂಕಿನಿಂದ ಹೊರಟ ನೀರು ಮನೆ ಮುಟ್ಟಲು ಎಷ್ಟು ಹೊತ್ತಾಯಿತು ಎಂಬ ಲೆಕ್ಕಕ್ಕೆ ಇಂಜಿನಿಯರುಗಳು ವಾಟರ್ ಏಜ್ ಎನ್ನುತ್ತಾರೆ. ಹೊತ್ತು ಹೋದಷ್ಟೂ, ರೋಗಾಣು ಕೊಲ್ಲಲು ಬೆರೆಸಿದ ಕ್ಲೋರಿನ್ ಇಳಿಯುತ್ತದೆ. ಒಂದಷ್ಟು ನೀರಿನೊಳಗಿನ ಕಲ್ಮಶಕ್ಕೆ ಖರ್ಚಾದರೆ, ಇನ್ನಷ್ಟನ್ನು ಪೈಪಿನ ಒಳಮೈಯ ತುಕ್ಕು, ಲೋಳೆ ತಿನ್ನುತ್ತವೆ. ನಳ್ಳಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಮೊನ್ನೆ ಬೆಳಗ್ಗೆ ಪರೀಕ್ಷೆ ಮಾಡಿದೆವು; ಕ್ಲೋರಿನ್ ಇದ್ದರೆ ಮದ್ದು ಬಿದ್ದ ನೀರು ಹಳದಿಯಾಗುತ್ತದೆ. ಟ್ಯಾಂಕಿನ ಬುಡದ ಮನೆಯಲ್ಲಿ ಮದ್ದಿನ ಹನಿ ಬಿದ್ದೊಡನೆ ನೀರು ಹಳದಿಯಾಯಿತು. ಲೈನಿನ ತುದಿಯ ಮನೆಯಲ್ಲಿ ಬಣ್ಣವೇ ಬರಲಿಲ್ಲ. ಎರಡು ಬಕೆಟ್ ಹೊರಗೆ ಬಿಟ್ಟ ಮೇಲೆ ತುಸು ಹಳದಿ ಕಂಡಿತು. (ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವವರಿಗೆ ಈ ತಲೆಬಿಸಿ ಇಲ್ಲ ಬಿಡಿ.)

ನಾನು ಮೊದಲು "ನೀರಿನ ಪ್ರಾಯ" ಎಂದು ಬರೆದೆ. ನಮ್ಮಲ್ಲಿ "ಅಜ್ಜನಿಗೆ ಪ್ರಾಯ ಆಯ್ತು" ಎಂದರೆ ಮುದುಕರಾದರು ಎಂದೇ. ಆದರೆ ಘಟ್ಟದ ಮೇಲೆ ಪ್ರಾಯ ಎಂದರೆ ಹರೆಯ ಅಲ್ವಾ? "ಪ್ರಾಯದ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ" ಎಂಬುದನ್ನು ಓದಿ ಬೆಂಗಳೂರಿನ ನಾದಿನಿ, "ಪ್ರಾಯದಲ್ಲೇ ಹೀಗಾದರೆ ಹೇಗೆ ಅತ್ತಿಗೆ?" ಎಂದು ನಕ್ಕಳು.

"ವಯಸ್ಸು" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ 2 ಗಂಟೆ ಹಳೆಯ ನೀರೂ 10 ಗಂಟೆ ಹಳೆಯ ನೀರೂ ಸಮಸಮ ಬೆರೆತರೆ ಲೆಕ್ಕದಲ್ಲಿ 6 ಗಂಟೆ. 1993ರಲ್ಲಿ ಅಮೆರಿಕದಲ್ಲಿ ಬಂದ ಎಪಾನೆಟ್ ಎಂಬ ತಂತ್ರಾಂಶವೂ ಹೀಗೇ ಲೆಕ್ಕ ಹಾಕುತ್ತದೆ. ಮನುಷ್ಯರ ವಯಸ್ಸು ಹೀಗೆ ಬೆರೆಯುತ್ತದೆಯೇ?

ನನಗೆ ಹಿಡಿಸಿದ್ದು ಪಕ್ಕದ ಮನೆಯ ಅಜ್ಜಿಯ ಮಾತು: "ತಂಗಳು ನೀರು". ತಂಗಳು ಅಂದರೆ ಹಳಸಿದ್ದಲ್ಲ. ತಂಗಳನ್ನ ಉಣ್ಣಬಹುದು, ಹಳಸಿದ್ದನ್ನು ಚೆಲ್ಲಬೇಕು. ತುದಿಮನೆಯ ನೀರೂ ಹಾಗೇ: ಕೆಟ್ಟಿದೆ ಎಂದಲ್ಲ, ಕೆಡದಂತೆ ಕಾಯುವುದು ತೀರಿದೆ. ಆದರೆ "ಎಷ್ಟು ಗಂಟೆಯ ತಂಗಳು?" ಎಂದು ಕೇಳಿದರೆ ಕಿವಿಗೆ ಸರಿಬರುವುದಿಲ್ಲ.

ಹಾಗಾಗಿ "ತಂಗುಹೊತ್ತು" ಎಂದು ಕಟ್ಟಿದೆ. ಹರಿಯುವ ನೀರು ತಂಗುವುದೆಲ್ಲಿ ಎಂದು ನಮ್ಮ ಪಂಪ್ ಆಪರೇಟರ್ ಕೇಳಿದರು. ರಾತ್ರಿ ಯಾರೂ ನಳ್ಳಿ ತಿರುಗಿಸದಿದ್ದರೆ ಪೈಪಿನಲ್ಲೇ ತಂಗುತ್ತದಲ್ಲ ಎಂದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ.

ನಿಮ್ಮ ಕಡೆ ಏನನ್ನುತ್ತೀರಿ? ಹಾಗೆಯೇ, ತಂಗಳು ಎಂಬುದು "ತಂಗು"ವಿನಿಂದ ಬಂತೇ, "ತಣ್"ನಿಂದಲೇ?