ಸಹಾಯ ಬೇಕು: 80ಜಿ (ದಾನಿಗೆ ಆದಾಯ ತೆರಿಗೆ ವಿನಾಯಿತಿ) ದಾಖಲೆ ನೋಡಿಕೊಡಬಲ್ಲ ಸ್ವಯಂಸೇವಕರು

ಎಲ್ಲರಿಗೂ ನಮಸ್ಕಾರ. ವಾಲಂಟರಿ ಆಕ್ಷನ್ ನೆಟ್‌ವರ್ಕ್ ಇಂಡಿಯಾ, ಅಂದರೆ ‘ವಾಣಿ’, 1988ರಿಂದ ಸ್ವಯಂಸೇವಾ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟವಾಗಿ ದುಡಿಯುತ್ತಿದೆ. ಆದರೆ ದೆಹಲಿಯಲ್ಲಿರುವ ಅದರ ಮಾರ್ಗದರ್ಶನ ತಾಲ್ಲೂಕಿನ ಸಣ್ಣ ಟ್ರಸ್ಟ್‌ಗೆ ತಲುಪಬೇಕಾದರೆ ಕನ್ನಡದಲ್ಲಿ ಕೂತು ಹೇಳಿಕೊಡುವವರು ಬೇಕೇ ಬೇಕು.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಹಾಗಾಗಿ ದೊಡ್ಡವರ ಮೂಲಕ ಬರುತ್ತಿದ್ದ ಆ ಹಣ ಸಣ್ಣ ಸಂಸ್ಥೆಗಳಿಗೆ ನಿಂತಿದೆ. ಊರಿನ ದಾನಿಗಳೇ ಆಸರೆ. ಅಲ್ಲೇ ತೊಡಕು. ಸಂಸ್ಥೆಗೆ 80ಜಿ ನೋಂದಣಿ ಇದ್ದರೂ ದೇಣಿಗೆಗಳ ವಿವರದ ನಮೂನೆ 10ಬಿಡಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸದಿದ್ದರೆ, ವಿನಾಯಿತಿ ಪಡೆಯಲು ಬೇಕಾದ 10ಬಿಇ ಪ್ರಮಾಣಪತ್ರ ದಾನಿಗೆ ಸಿಗದು. ಗಡುವು ಮೇ 31. ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ. ಪ್ಯಾನ್ ಸಂಖ್ಯೆಯ ಒಂದಕ್ಷರ ತಪ್ಪಿದರೂ ದಾನಿಯ ವಿನಾಯಿತಿ ಸಿಕ್ಕಿಹಾಕಿಕೊಳ್ಳುತ್ತದೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿಯೇ ಇಲ್ಲ, ಇದನ್ನು ರಸೀದಿ ಬರೆಯುವ ಮೊದಲೇ ಹೇಳಬೇಕು.

ಬೇಕಾದವರು: ಲೆಕ್ಕಪರಿಶೋಧಕರು, ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ) ಬಲ್ಲವರು, ನಿವೃತ್ತ ಬ್ಯಾಂಕ್ ನೌಕರರು. ಕೆಲಸ ಇಷ್ಟೇ: ರಸೀದಿ ಪುಸ್ತಕವನ್ನು ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ನೋಡುವುದು, ಪ್ಯಾನ್ ಪಟ್ಟಿ ತಿದ್ದುವುದು. ಪಾಸ್‌ವರ್ಡ್, ಒಟಿಪಿ ಕೇಳಬೇಡಿ. ಅವು ಟ್ರಸ್ಟಿಗಳ ಕೈಯಲ್ಲೇ ಇರಲಿ. ಬರುವವರು ನಿಮ್ಮ ಊರು, ಬಿಡುವಿನ ವಾರ ಎರಡನ್ನೂ ಇಲ್ಲೇ ಬರೆಯಿರಿ.