ಅಡಿಕೆ ಮಂಡಿಯ ಲಾಗ್‌ನಿಂದ ತೆಗೆದ ನಕ್ಷೆ ಸಿಕ್ಕುಸಿಕ್ಕಾಗಿದೆ, ಸರಳಗೊಳಿಸುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ):
ನಮ್ಮ ಭಾಗದ ಅಡಿಕೆ ಮಾರಾಟ ಸಂಘವೊಂದರ ಆರು ತಿಂಗಳ ದಾಖಲೆ (ಯಾವ ಕೆಲಸ ಯಾವಾಗ ಆಯಿತು ಎಂಬ ಲಾಗ್) ಕೈಯಲ್ಲಿದೆ. ಆವಕ, ತೂಕ, ಮಾದರಿ, ಟೆಂಡರ್, ರೈತರ ಒಪ್ಪಿಗೆ, ಬಿಲ್ಲು, ಪಾವತಿ ಎಂದು ಇರುವುದು ಏಳೇ ಕೆಲಸ. ಇಂಥ ಲಾಗ್‌ನಿಂದ ಕೆಲಸಗಳ ಹರಿವಿನ ನಕ್ಷೆ ಬಿಡಿಸುವ ತಂತ್ರಾಂಶ ಪೈಎಂ4ಪೈನಲ್ಲಿ (PM4Py) ನಕ್ಷೆ ತೆಗೆದರೆ ಪ್ರತಿ ಚೌಕದಿಂದ ಉಳಿದೆಲ್ಲಕ್ಕೂ ಬಾಣ! ಅದರಲ್ಲಿ ನಕ್ಷೆ ಕಟ್ಟುವ ವಿಧಾನವಾದ ಇಂಡಕ್ಟಿವ್ ಮೈನರ್‌ನ ನಾಯ್ಸ್ ಮಿತಿಯನ್ನು (ಅಪರೂಪದ ದಾರಿಗಳನ್ನು ಎಷ್ಟು ಸೋಸಬೇಕೆಂಬ ಅಳತೆ) 0.2ರಿಂದ 0.5ಕ್ಕೆ ಏರಿಸಿದೆ. ನಕ್ಷೆ ತಿಳಿಯಾಯಿತು, ಆದರೆ ದರ ಒಪ್ಪದ ಅಡಿಕೆ ಮತ್ತೆ ಟೆಂಡರಿಗೆ ಹೋಗುವ ದಾರಿಯೇ ಮಾಯವಾಯಿತು. ಸಂಘದವರು ಮುಖ್ಯವಾಗಿ ಕೇಳಿದ್ದೇ ಅದನ್ನು. ಕೇಸ್ ಗುರುತಾಗಿ (ಯಾವ ಸಾಲುಗಳು ಒಂದೇ ಸರಣಿಗೆ ಸೇರುತ್ತವೆ ಎಂದು ಹೇಳುವ ಗುರುತು) ರೈತರ ಸದಸ್ಯತ್ವ ಸಂಖ್ಯೆಯನ್ನು ಕೊಟ್ಟಿದ್ದೇನೆ.

ಉತ್ತರ (ಸಾಗರ):
ನಿಮ್ಮ ಕೊನೆಯ ವಾಕ್ಯದಲ್ಲೇ ರೋಗ ಇದೆ. ಒಬ್ಬರೇ ರೈತರು ರಾಶಿ, ಬೆಟ್ಟೆ, ಗೊರಬಲು ಎಂಬ ಮೂರು ಬಗೆಯ ಅಡಿಕೆಯನ್ನೂ ಒಂದೇ ಗಾಡಿಯಲ್ಲಿ ತಂದರೆ ಅವು ಮೂರು ಲಾಟು, ಅಂದರೆ ಬೇರೆಬೇರೆಯಾಗಿ ತೂಗಿ ಮಾರುವ ಪಾಲು. ರಾಶಿಗೆ ಬಿಲ್ಲಾಗುವ ಹೊತ್ತಿಗೆ ಗೊರಬಲು ಇನ್ನೂ ತಕ್ಕಡಿಯ ಮೇಲಿರಬಹುದು. ಎಲ್ಲವನ್ನೂ ಒಂದೇ ಸದಸ್ಯತ್ವ ಸಂಖ್ಯೆಗೆ ಪೋಣಿಸಿದ್ದರಿಂದ, ಯಾವ ಲಾಟಿಗೂ ಆಗದ 'ಬಿಲ್ಲಿನ ನಂತರ ತೂಕ' ಎಂಬ ಬಾಣ ಹುಟ್ಟಿದೆ. ಡಿಸೆಂಬರಿನ ಪಾವತಿಗೆ ಫೆಬ್ರವರಿಯ ಆವಕವೂ ಗಂಟು ಬಿದ್ದಿರುತ್ತದೆ. ಇಂಥ ಬಾಣಗಳು ಲಾಗ್‌ನಲ್ಲಿ ಹೇರಳವಾಗಿರುವುದರಿಂದ ನಾಯ್ಸ್ ಮಿತಿಯ ಜರಡಿಯಲ್ಲಿ ಅವೇ ಉಳಿಯುತ್ತವೆ. ಅಪರೂಪವಾದರೂ ನಿಜವಾದ ಮರುಟೆಂಡರ್ ಉದುರಿ ಹೋಗುತ್ತದೆ.

ಲಾಟ್ ಸಂಖ್ಯೆಯನ್ನೇ ಕೇಸ್ ಮಾಡಿ. ಮಿತಿಯನ್ನು ಮೊದಲು 0ಗೆ ಇಳಿಸಿ. ಆಗ ಲಾಗ್‌ನ ಯಾವ ಸಾಲೂ ನಕ್ಷೆಯಿಂದ ಹೊರಗುಳಿಯುವುದಿಲ್ಲ. ಆಮೇಲೆ ಬೇಕಿದ್ದರೆ ಸ್ವಲ್ಪಸ್ವಲ್ಪವೇ ಏರಿಸಿ, ಪ್ರತಿ ಸಲವೂ ಫಿಟ್‌ನೆಸ್ (ಲಾಗ್‌ನಲ್ಲಿರುವುದು ನಕ್ಷೆಗೆ ಎಷ್ಟು ಹೊಂದುತ್ತದೆ) ಮತ್ತು ಪ್ರಿಸಿಷನ್ (ಲಾಗ್‌ನಲ್ಲಿಲ್ಲದ ದಾರಿಗಳನ್ನು ನಕ್ಷೆ ಎಷ್ಟರಮಟ್ಟಿಗೆ ತಡೆಯುತ್ತದೆ) ಎರಡನ್ನೂ ನೋಡಿ. ಮರುಟೆಂಡರ್ ಆದ ಲಾಟುಗಳನ್ನು ಪ್ರತ್ಯೇಕಿಸಿ ಅವುಗಳದೇ ನಕ್ಷೆ ತೆಗೆಯುವುದು ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ: ಮೂರು ಲಾಟಿಗೆ ಸೇರಿಸಿ ಒಂದೇ ಪಾವತಿಯಾಗಿದ್ದರೆ ಅದು ಮೂರು ಸಲ ಎಣಿಕೆಯಾಗುತ್ತದೆ. ಪಾವತಿಯ ಸಂಖ್ಯೆಯನ್ನು ಈ ನಕ್ಷೆಯಿಂದ ಓದಬೇಡಿ.

ಪ್ರಶ್ನೆ ಕೇಳಿದವರು:
ಮಾಡಿದೆ, ತುಂಬಾ ಉಪಕಾರವಾಯಿತು. ಮಿತಿ 0 ಇದ್ದರೂ ನಕ್ಷೆ ಒಂದೇ ಹಾಳೆಯಲ್ಲಿ ಹಿಡಿಯಿತು, ಮರುಟೆಂಡರಿನ ಸುತ್ತು ಸ್ಪಷ್ಟವಾಗಿದೆ. ಆದರೆ ಟೆಂಡರ್ ಮುಗಿದ ಮೇಲೆ ತೂಕವಾದ ಲಾಟುಗಳು ಈಗಲೂ ಕಾಣುತ್ತಿವೆ.

ಉತ್ತರ (ಸಾಗರ):
ಆ ಲಾಟುಗಳ ತೂಕದ ವೇಳೆಯನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಸಂಜೆ ಅರ್ಧ ಗಂಟೆಯೊಳಗೆ ಸಾಲಾಗಿ ಬಂದಿದ್ದರೆ, ಅದು ತೂಕದ ಚೀಟಿಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಏರಿಸಿದ ವೇಳೆ. ಚೀಟಿಯ ಮೇಲೆ ಕೈಯಲ್ಲಿ ಬರೆದ ಗಂಟೆ ಇದ್ದರೆ ಅದನ್ನೇ ಲಾಗ್‌ಗೆ ತುಂಬಿ.

ಪ್ರಶ್ನೆ ಕೇಳಿದವರು:
ಹೌದು, ಎಲ್ಲವೂ ಸಂಜೆ ಆರರ ಆಸುಪಾಸಿನವು. ನಾಳೆ ಸಂಘಕ್ಕೆ ಹೋಗಿ ಚೀಟಿಯ ಕಟ್ಟುಗಳನ್ನು ಕೇಳುತ್ತೇನೆ.