ಫಾಕ್‌ಲ್ಯಾಂಡ್ ದ್ವೀಪ ಯಾರದ್ದು? ಮಾಕ್ ಇಂಟರ್ವ್ಯೂನಲ್ಲಿ ಸಿಕ್ಕಿಬಿದ್ದೆ

ಸಪ್ತಾಪುರ ರೂಮ್ ನಂಬರ್ 4 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೇನೆ. ಮೊನ್ನೆ ಗೆಳೆಯರೆಲ್ಲ ಸೇರಿ ಮಾಕ್ ಇಂಟರ್ವ್ಯೂ ಮಾಡಿದೆವು. ಸೀನಿಯರ್ ಒಬ್ಬರು ಕೇಳಿದರು: "ಫಾಕ್‌ಲ್ಯಾಂಡ್ ಬ್ರಿಟನ್‌ದೋ, ಅರ್ಜೆಂಟೀನಾದ್ದೋ? ಪುಸ್ತಕದ್ದು ಬೇಡ, ನಿನ್ನ ಅಭಿಪ್ರಾಯ ಹೇಳು."

ಮ್ಯಾಪ್ ನೆನಪಿಸಿಕೊಂಡೆ. ಅರ್ಜೆಂಟೀನಾದ ದಂಡೆಯಿಂದ ಸುಮಾರು 480 ಕಿಲೋಮೀಟರ್. ಬ್ರಿಟನ್‌ನಿಂದ 12 ಸಾವಿರಕ್ಕೂ ಜಾಸ್ತಿ. ಹತ್ತಿರ ಇರುವವರದ್ದೇ ಅಲ್ವಾ ಅಂದೆ. ಎಲ್ಲರೂ ನಕ್ಕರು. "ಹಾಗಾದರೆ ನಿಮ್ಮ ಪಕ್ಕದ ಹೊಲ ನಿಮ್ಮಪ್ಪಂದಾ?" ಅಂತ ಕೇಳಿದಾಗ ಬಾಯಿ ಕಟ್ಟಿತು.

ಊರಿಗೆ ಫೋನ್ ಮಾಡಿ ಅಜ್ಜನಿಗೆ ಹೇಳಿದೆ. "ಬದುವಿನ ಜಗಳ ಅದು. ಉತಾರ (ಪಹಣಿ) ಯಾರ ಹೆಸರಲ್ಲಿ ಐತಿ ನೋಡು" ಅಂದ. ನೋಡಿದೆ. ಒಬ್ಬೊಬ್ಬರ ಉತಾರದಲ್ಲಿ ಒಂದೊಂದು ಹೆಸರು! ಯಾರಾದರೂ ಬಿಡಿಸಿ ಹೇಳ್ತೀರಾ?

ಬೆಟಗೇರಿ ಬಾಯ್ಲರ್

ತಮ್ಮಾ, ಇದಕ್ಕೆ ಉತ್ತರ ಬರೆಯದೆ ಇವತ್ತು ನಿದ್ದೆ ಬರೋದಿಲ್ಲ ನನಗೆ. ಈ ದ್ವೀಪಕ್ಕಾಗಿ 1982ರಲ್ಲಿ ಬ್ರಿಟನ್, ಅರ್ಜೆಂಟೀನಾ ಮಾಡಿದ ಯುದ್ಧಕ್ಕೆ ಹೋಗಿ ಬಂದ ಹಡಗಿನ ಹೊಟ್ಟೆಯಲ್ಲಿ ನಾನು ಐದು ವರ್ಷ ಕೆಲಸ ಮಾಡಿದ್ದೇನೆ.

ನಮ್ಮ ನೌಕಾಪಡೆಯ ಐಎನ್ಎಸ್ ವಿರಾಟ್ ಗೊತ್ತಲ್ಲ? ಅದರ ಮೊದಲ ಹೆಸರು ಹರ್ಮಿಸ್. 1982ರಲ್ಲಿ ಬ್ರಿಟನ್ ಫಾಕ್‌ಲ್ಯಾಂಡ್‌ಗೆ ಕಳಿಸಿದ ಪಡೆಗೆ ಅದೇ ಮುಖ್ಯ ಹಡಗು. ರಿಯರ್ ಅಡ್ಮಿರಲ್ ಸ್ಯಾಂಡಿ ವುಡ್‌ವರ್ಡ್ ಅದರಲ್ಲೇ ಕೂತು ಲೆಕ್ಕ ಹಾಕಿದ್ದು. ಆಮೇಲೆ ನಾವು ಅದನ್ನು ಕೊಂಡೆವು. 1987ರ ಮೇ 12ಕ್ಕೆ ವಿರಾಟ್ ಆಯಿತು. ನಾನು ಚಿಲ್ಕಾದಲ್ಲಿ ತರಬೇತಿ ಮುಗಿಸಿ, ಲೋಣಾವಳದಲ್ಲಿ ಎಂಜಿನ್ ಕೆಲಸ ಕಲಿತು, ನೇರ ಅದರ ಬಾಯ್ಲರ್ ರೂಮಿಗೆ ಬಿದ್ದೆ. ಅಲ್ಲಿಂದ ಮೇಲೆ ಬಂದರೆ ಗದಗಿನ ಏಪ್ರಿಲ್ ಬಿಸಿಲೂ ತಂಪು ಅನಿಸಬೇಕು, ಅಂಥ ಸೆಕೆ. ವಾಲ್ವುಗಳ ಮೇಲೆ ಹಳೆಯ ಹಿತ್ತಾಳೆ ಪಟ್ಟಿ ಇರುತ್ತಿದ್ದವು. ರಾತ್ರಿ ಪಾಳಿಯಲ್ಲಿ ಅವನ್ನು ಉಜ್ಜುವಾಗ, ನನ್ನ ವಯಸ್ಸಿನ ಬ್ರಿಟಿಷ್ ಹುಡುಗ ಒಬ್ಬ ಇದನ್ನೇ ಉಜ್ಜುತ್ತಾ ದಕ್ಷಿಣಕ್ಕೆ ಹೋಗಿರಬೇಕು ಅನಿಸುತ್ತಿತ್ತು. ಹಂಗಾಗಿ ಈ ಜಗಳದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ನಿಮ್ಮ ಅಜ್ಜ ಹೇಳಿದ ಉತಾರದಿಂದಲೇ ಶುರು ಮಾಡೋಣ. ಮೊದಲು ಮನೆ ಕಟ್ಟಿದವರು ಫ್ರೆಂಚರು, 1764ರಲ್ಲಿ. ಅವರ ಸೇಂಟ್ ಮಾಲೋ ಊರಿನ ಹೆಸರಿಂದಲೇ ‘ಮಾಲ್ವಿನಾಸ್’ ಹುಟ್ಟಿದ್ದು, ಅರ್ಜೆಂಟೀನಾದವರು ಇವತ್ತಿಗೂ ಹಾಗೇ ಕರೆಯುತ್ತಾರೆ. ಮರುವರ್ಷ ಬ್ರಿಟಿಷರು ಇನ್ನೊಂದು ಮೂಲೆಯಲ್ಲಿ ಇಳಿದರು. ಫ್ರೆಂಚರು ತಮ್ಮದನ್ನು ಸ್ಪೇನ್‌ಗೆ ಬಿಟ್ಟುಕೊಟ್ಟರು. 1774ರಲ್ಲಿ ಬ್ರಿಟಿಷರು ‘ಇದು ನಮ್ಮದು’ ಅಂತ ಒಂದು ಫಲಕ ಬಿಟ್ಟು ಹೊರಟರು. ಹೊಲ ಬೀಳು ಬಿಟ್ಟು ಬಾಂದಗಲ್ಲು ಮಾತ್ರ ನೆಟ್ಟು ಹೋದ ಹಾಗೆ. ಸ್ಪೇನ್‌ನವರು 1811ರಲ್ಲಿ ಹೋದರು. ಸ್ಪೇನ್‌ನಿಂದ ಬಿಡಿಸಿಕೊಂಡ ಅರ್ಜೆಂಟೀನಾ, ‘ಅಪ್ಪನ ಆಸ್ತಿ ಮಗನಿಗೆ’ ಅಂದಿತು. 1833ರ ಜನವರಿಯಲ್ಲಿ ಬ್ರಿಟಿಷರು ವಾಪಸ್ ಬಂದು ಅರ್ಜೆಂಟೀನಾದ ಬಾವುಟ ಇಳಿಸಿದರು. ಆಗಿನಿಂದ, 1982ರಲ್ಲಿ ಅರ್ಜೆಂಟೀನಾ ಹಿಡಿದಿಟ್ಟುಕೊಂಡ 74 ದಿನ ಬಿಟ್ಟರೆ, ಸಾಗುವಳಿ ಬ್ರಿಟಿಷರದ್ದೇ.

ನನ್ನ ಪ್ರಕಾರ ನೀನು ಓದಬೇಕಾದದ್ದು ಇದಲ್ಲ. 1965ರಿಂದ 1982ರವರೆಗಿನ ಹದಿನೇಳು ವರ್ಷ ಓದು. ಕೆಟ್ಟದ್ದು ಅಲ್ಲೇ.

1965ರಲ್ಲಿ ವಿಶ್ವಸಂಸ್ಥೆ 2065ನೇ ನಿರ್ಣಯದಲ್ಲಿ ‘ಇಬ್ಬರೂ ಕೂತು ಮಾತಾಡಿ, ಅಲ್ಲಿನ ಜನರ ಹಿತ ನೋಡಿ’ ಅಂದಿತು. ಮಾತಾಡಿದರು, ಮಾತಾಡಿದರು, ಮಾತಾಡುತ್ತಲೇ ಇದ್ದರು. 1980ರಲ್ಲಿ ಬ್ರಿಟನ್ನಿನ ಮಂತ್ರಿ ನಿಕೋಲಸ್ ರಿಡ್ಲಿ ಒಂದು ದಾರಿ ತಂದರು. ಉತಾರ ಅರ್ಜೆಂಟೀನಾ ಹೆಸರಿಗೆ ಮಾಡೋಣ, ದ್ವೀಪ ಬ್ರಿಟನ್‌ಗೆ ಬಹಳ ವರ್ಷಗಳ ಲಾವಣಿಗೆ (ಗುತ್ತಿಗೆಗೆ) ಇರಲಿ. ನಮ್ಮ ಕಡೆ ಹೊಲ ಲಾವಣಿ ಹಚ್ಚೋದಿಲ್ಲವಾ, ಅದೇ. ದ್ವೀಪದ ಜನ ಬೇಡ ಅಂದರು. ಪಾರ್ಲಿಮೆಂಟಿನಲ್ಲಿ ಅವರದೇ ಪಕ್ಷದವರೂ ಮೇಲೆ ಬಿದ್ದರು. ಅಲ್ಲಿಗೆ ಮುಗಿಯಿತು.

ಮರುವರ್ಷ ಇನ್ನೊಂದು ಎಡವಟ್ಟು. ಆ ಕಡೆ ಗಸ್ತು ಹೊಡೆಯುತ್ತಿದ್ದ ಎಂಡ್ಯುರೆನ್ಸ್ ಅನ್ನೋ ಒಂದೇ ಒಂದು ಹಡಗನ್ನೂ ಖರ್ಚು ಉಳಿಸಲು ತೆಗೆಯುತ್ತೇವೆ ಅಂದರು. ಕಾವಲಿನವನನ್ನು ಬಿಡಿಸಿದ್ದಾರೆ ಅಂದರೆ ಪಕ್ಕದ ಹೊಲದವನು ಏನು ತಿಳಿಯುತ್ತಾನೆ? ಇವರಿಗೆ ಇದು ಬೇಕಾಗಿಲ್ಲ ಅಂತಲೇ ತಿಳಿಯುತ್ತಾನೆ. ಅತ್ತ ಅರ್ಜೆಂಟೀನಾದಲ್ಲಿ ಜನರಲ್ ಗಾಲ್ಟಿಯೇರಿಯ ಸೇನಾ ಆಡಳಿತ. ಬೆಲೆ ಏರಿಕೆಯಿಂದ ಜನ ರೋಸಿಹೋಗಿದ್ದರು. 1982ರ ಮಾರ್ಚ್ 30ಕ್ಕೆ ರಾಜಧಾನಿಯಲ್ಲಿ ದೊಡ್ಡ ಪ್ರತಿಭಟನೆ, ಲಾಠಿ, ಬಂಧನ. ಏಪ್ರಿಲ್ 2ಕ್ಕೆ ಸೇನೆ ದ್ವೀಪಕ್ಕೆ ಇಳಿಯಿತು. ಅದೇ ಜನ ಬೀದಿಗೆ ಬಂದು ಜೈಕಾರ ಹಾಕಿದರು. ಬ್ರಿಟನ್ ಇಷ್ಟು ದೂರ ಬರೋದಿಲ್ಲ ಅಂತ ಅರ್ಜೆಂಟೀನಾದ ಲೆಕ್ಕ. ಅವರು ದ್ವೀಪಕ್ಕೆ ಇಳಿಯೋದಿಲ್ಲ ಅಂತ ಬ್ರಿಟನ್ ಲೆಕ್ಕ. ಎರಡೂ ತಪ್ಪಿತು.

ಮರುದಿನವೇ ಭದ್ರತಾ ಮಂಡಳಿ 502ನೇ ನಿರ್ಣಯ ಮಾಡಿ, ಸೇನೆ ವಾಪಸ್ ಕರೆಸಿ ಅಂತ ಅರ್ಜೆಂಟೀನಾಕ್ಕೆ ಹೇಳಿತು. ಏಪ್ರಿಲ್ 5ಕ್ಕೆ ನಮ್ಮ ಹಡಗು (ನನಗೆ ಅದು ನಮ್ಮದೇ) ಪೋರ್ಟ್ಸ್‌ಮತ್ ಬಿಟ್ಟಿತು. ದಾರಿಯಲ್ಲಿ ಮೂರು ವಾರ. ಅಷ್ಟರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಅಲೆಕ್ಸಾಂಡರ್ ಹೇಗ್ ರಾಜಿ ಮಾಡಿಸಲು ಲಂಡನ್‌ಗೂ ಬ್ಯೂನಸ್ ಐರಿಸ್‌ಗೂ ಓಡಾಡಿದರು. ಪೆರು ದೇಶದವರೂ ಒಂದು ಸೂತ್ರ ತಂದರು. ಅದರ ಮಾತು ನಡೆದಿರುವಾಗಲೇ, ಮೇ 2ಕ್ಕೆ ಬ್ರಿಟಿಷ್ ಸಬ್‌ಮೆರೀನ್ ಅರ್ಜೆಂಟೀನಾದ ‘ಜನರಲ್ ಬೆಲ್ಗ್ರಾನೊ’ ಹಡಗನ್ನು ಮುಳುಗಿಸಿತು. 323 ಜನ ಸತ್ತರು. ಎರಡು ದಿನಕ್ಕೆ ಅರ್ಜೆಂಟೀನಾದ ಎಕ್ಸೋಸೆಟ್ ಕ್ಷಿಪಣಿ ಬ್ರಿಟನ್ನಿನ ಶೆಫೀಲ್ಡ್ ಹಡಗಿಗೆ ಬಡಿಯಿತು. ಆಮೇಲೆ ರಾಜಿ ಮಾತು ಯಾರ ಕಿವಿಗೂ ಹೋಗಲಿಲ್ಲ.

ಬೆಲ್ಗ್ರಾನೊ ಬಗ್ಗೆ ಓದಿದ ರಾತ್ರಿ ನಾನು ಪಾಳಿಯಲ್ಲಿದ್ದೆ. ಟಾರ್ಪೆಡೊ ಹೊಡೆದರೆ ಮೊದಲು ಹೋಗೋದು ಎಂಜಿನ್ ಕಡೆಯವರು. ‘ಒಳಗೆ ಬಂದರೆ ಹೊಡೆಯುತ್ತೇವೆ’ ಅಂತ ಬ್ರಿಟನ್ ಸಾರಿದ್ದ 200 ಮೈಲಿ ವಲಯದ ಹೊರಗಿತ್ತು ಆ ಹಡಗು ಅಂತ ಒಬ್ಬರು, ಆದರೂ ಅಪಾಯ ಇತ್ತು ಅಂತ ಇನ್ನೊಬ್ಬರು, ಇವತ್ತಿಗೂ ವಾದ ಮಾಡುತ್ತಾರೆ. ನನಗೆ ಆ ವಾದ ರುಚಿಸೋದಿಲ್ಲ.

ಜೂನ್ 14ಕ್ಕೆ ಅರ್ಜೆಂಟೀನಾ ಶರಣಾಯಿತು. ಅವರ ಕಡೆ 649, ಬ್ರಿಟನ್ ಕಡೆ 255, ದ್ವೀಪದ ಮೂರು ಜನ ಹೋದರು. ಅರ್ಜೆಂಟೀನಾದ ಸೈನಿಕರಲ್ಲಿ ಎಷ್ಟೋ ಮಂದಿ ಕಡ್ಡಾಯ ಸೇವೆಗೆ ಬಂದ ಹತ್ತೊಂಬತ್ತರ ಹುಡುಗರು, ಉತ್ತರದ ಬಿಸಿಲ ಸೀಮೆಯವರು. ಜೂನ್ ಅಂದರೆ ಅಲ್ಲಿ ಕೊರೆಯುವ ಚಳಿಗಾಲ.

ಇಂಟರ್ವ್ಯೂಗೆ ನನ್ನ ಉತ್ತರ ಹೀಗೆ. ಕಾಗದ ಇಬ್ಬರ ಹತ್ತಿರವೂ ಇದೆ, ದೂರದ ಲೆಕ್ಕ ನಡೆಯೋದಿಲ್ಲ. ಅಲ್ಲಿ ಸುಮಾರು ಮೂರೂವರೆ ಸಾವಿರ ಜನ ಇದ್ದಾರೆ. 2013ರಲ್ಲಿ ಅವರನ್ನೇ ಕೇಳಿದರು. 1,513 ಜನ ಬ್ರಿಟನ್ ಜೊತೆಗೇ ಇರುತ್ತೇವೆ ಅಂದರು. ಬೇಡ ಅಂದವರು ಮೂರೇ ಜನ.

ಹಾವೇರಿ ನಂಬರ್ ಟೆನ್

ಬಾಯ್ಲರ್ ಕಾಕಾ, ಚೆನ್ನಾಗಿ ಹೇಳಿದಿರಿ, ಆದರೆ ಕೊನೆಗೆ ಒಂದೇ ಕಡೆ ವಾಲಿದಿರಿ. ಅರ್ಜೆಂಟೀನಾದ ಮಾತೇ ಬೇರೆ. 1833ರಲ್ಲಿ ನಮ್ಮವರನ್ನು ಕಳಿಸಿ, ನಿಮ್ಮವರನ್ನು ತಂದು ಕೂಡಿಸಿ, ಈಗ ಅವರನ್ನೇ ‘ಯಾರ ಕಡೆ’ ಅಂತ ಕೇಳಿದರೆ ಇನ್ನೇನು ಹೇಳ್ತಾರೆ, ಅನ್ನುತ್ತಾರೆ ಅವರು. 1994ರಲ್ಲಿ ಸಂವಿಧಾನದಲ್ಲೇ ಈ ಹಕ್ಕು ಬರೆದುಕೊಂಡರು. 2015ರಲ್ಲಿ 50 ಪೆಸೊ ನೋಟಿನ ಮೇಲೆ ದ್ವೀಪದ ಮ್ಯಾಪ್ ಹಾಕಿದರು. ಏಪ್ರಿಲ್ 2 ಅಲ್ಲಿ ಸರ್ಕಾರಿ ರಜೆ.

ನಾನು ಮರಡೋನಾ ಕಡೆಯವನು, ಒಪ್ಪಿಕೊಳ್ತೀನಿ. 1986ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ 2-1 ಗೆದ್ದಾಗ ಅಲ್ಲಿನವರಿಗೆ ಅದು ಬರೀ ಕ್ವಾರ್ಟರ್ ಫೈನಲ್ ಆಗಿರಲಿಲ್ಲ.

ರಾಣೆಬೆನ್ನೂರು ಕಂಬಳಿ

ನಮ್ಮದು ಉಣ್ಣೆ ವ್ಯಾಪಾರ, ಅದಕ್ಕೇ ಈ ದ್ವೀಪದ ಹೆಸರು ನನಗೆ ಗೊತ್ತು. ಮೂರೂವರೆ ಸಾವಿರ ಜನಕ್ಕೆ ಸುಮಾರು ಐದು ಲಕ್ಷ ಕುರಿ! ಅವರ ಲಾಂಛನದಲ್ಲೂ ಟಗರು ಇದೆ. ಮೊದಲು ಉಣ್ಣೆಯೇ ಬದುಕು. 1987ರಿಂದ ಸುತ್ತಲ ಸಮುದ್ರದಲ್ಲಿ ಮೀನು ಹಿಡಿಯಲು ಲೈಸೆನ್ಸ್ ಮಾರತೊಡಗಿದರು, ಅದರಲ್ಲೇ ಜಾಸ್ತಿ ದುಡ್ಡು. 2010ರಲ್ಲಿ ಎಣ್ಣೆಯೂ ಸಿಕ್ಕಿತು, ಅಲ್ಲಿಂದ ಜಗಳಕ್ಕೆ ಮತ್ತೆ ಬಿಸಿ. ಸುಮ್ನೆ ಬಾವುಟಕ್ಕೆ ಅಂತ ಯಾರೂ ಹೇಳಬೇಡ್ರಿ.

ಇನ್ನೊಂದು. ಯುದ್ಧದಲ್ಲಿ ಹೂತ ನೆಲಬಾಂಬು ಪೂರ್ತಿ ತೆಗೆದದ್ದು 2020ಕ್ಕೆ. ಅಲ್ಲಿಯವರೆಗೆ ಬೇಲಿ ಹಾಕಿದ ಆ ಜಾಗದಲ್ಲಿ ಪೆಂಗ್ವಿನ್‌ಗಳು ಆರಾಮಾಗಿ ಇದ್ದವು. ಅವು ಹಗುರ, ತುಳಿದರೂ ಸಿಡಿಯುತ್ತಿರಲಿಲ್ಲ.

ಸಪ್ತಾಪುರ ರೂಮ್ ನಂಬರ್ 4

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಡೌಟು ಕಾಕಾ. ಜನರ ಮಾತೇ ಮುಖ್ಯ ಅಂದರೆ, ಬ್ರಿಟನ್ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಕೊಡಲು ಯಾಕೆ ಒಪ್ಪಿತು? ಇದನ್ನೂ ಕೇಳಿಯೇ ಕೇಳ್ತಾರೆ.

ಬೆಟಗೇರಿ ಬಾಯ್ಲರ್

ಕೇಳಲಿ ಬಿಡು. ಚಾಗೋಸ್‌ನಲ್ಲಿ ಕೇಳಲು ಜನರನ್ನೇ ಉಳಿಸಲಿಲ್ಲ. ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡುವ ಮೊದಲೇ, 1965ರಲ್ಲಿ, ಚಾಗೋಸ್ ಅನ್ನು ಅದರಿಂದ ಕತ್ತರಿಸಿ ಇಟ್ಟುಕೊಂಡರು. ಅಲ್ಲಿನ ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದ ಸೇನಾ ನೆಲೆ ಮಾಡಲು, 1973ರ ಹೊತ್ತಿಗೆ ಅಲ್ಲಿನವರನ್ನೆಲ್ಲ ಹೊರಗೆ ಸಾಗಿಸಿದರು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದು ಸರಿಯಲ್ಲ ಅಂದಿತು. ವಿಶ್ವಸಂಸ್ಥೆಯಲ್ಲಿ 116 ದೇಶ ಮಾರಿಷಸ್ ಕಡೆ, ಭಾರತವೂ ಅದರಲ್ಲಿತ್ತು. 2025ರ ಮೇನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನೆಲೆ ಇರುವ ದ್ವೀಪ ಮಾತ್ರ 99 ವರ್ಷ ಲಾವಣಿಗೆ. ನೋಡು, ರಿಡ್ಲಿ ಹೇಳಿ ಬೈಸಿಕೊಂಡ ಉಪಾಯವೇ!

ಜನರ ಮಾತು ತಮಗೆ ಬೇಕಾದಾಗ ಕೇಳಿಸುತ್ತದೆ ಬ್ರಿಟನ್‌ಗೆ. ಹಾವೇರಿ ಹುಡುಗ ಹೇಳಿದ್ದರಲ್ಲಿ ಅಷ್ಟು ನಿಜ ಇದೆ. ಆದರೂ ಮನೆ ಮಾಡಿ ಏಳೆಂಟು ತಲೆಮಾರು ಕಳೆದವರನ್ನು ಈಗ ಎಬ್ಬಿಸು ಅನ್ನಲು ನನಗೆ ಬಾಯಿ ಬರೋದಿಲ್ಲ.

ಸಪ್ತಾಪುರ ರೂಮ್ ನಂಬರ್ 4

ಕಾಕಾ, ವಿರಾಟ್‌ನ ಹಳೇ ಫೋಟೋ ಇದ್ದಾವಾ? ಈ ವಾರ ಗದಗಿಗೆ ಬರೋದಿದೆ.

ಬೆಟಗೇರಿ ಬಾಯ್ಲರ್

ಇದಾವೆ. ಹಡಗೇ ಇಲ್ಲ ಈಗ, 2020ರಲ್ಲಿ ಗುಜರಾತಿನ ಅಲಂಗ್‌ಗೆ ಗುಜರಿಗೆ ಎಳೆದುಕೊಂಡು ಹೋದರು. ಅದನ್ನು ಟಿವಿಯಲ್ಲಿ ತೋರಿಸಿದ ದಿನ ನಾನು ಊಟ ಬಿಟ್ಟೆ, ಮನೆಯವಳು ಬೈದಳು. ಬಾ. ಶನಿವಾರ ಮಾತ್ರ ಬೇಡ, ಹೊಲದಲ್ಲಿ ಹೆಸರು ಬಿಡಿಸೋರು ಬರ್ತಾರೆ.